ಇಲ್ಲದ ಮೂರು ಫೂಟು

ಆ ಲ್ಯಾಪ್‌ಟಾಪ್ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಅದರ ಮಾಲೀಕರು ನೆನಪಾದರೆ ಇನ್ನಷ್ಟು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೊಲ್ಲಾಪುರದಲ್ಲಿ ಮನೆಗಳ ನಕ್ಷೆ ಮಾಡಿಕೊಡುವ ಒಬ್ಬ ಇಂಜಿನಿಯರ್ ಸಾಹೇಬರ ಕಚೇರಿಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಹೆಂಗಸಾದರೂ ಹುದ್ದೆಯ ಹೆಸರು ಅದೇ. ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯಲು ಅಲ್ಲಿ ಬರುತ್ತಿದ್ದದ್ದು ನನಗೊಬ್ಬಳಿಗೇ. ಸಾಹೇಬರು ಪುಣೆಯಿಂದ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ತಂದು ಮೆರೆಯುತ್ತಿದ್ದರು. ಅದರಲ್ಲಿ ಕ್ಯಾಡ್ ಎಂಬ ನಕ್ಷೆಯ ಪ್ರೋಗ್ರಾಮ್ ತೆರೆದು ಒಂದು ಗೆರೆಯನ್ನು ಸರಿಸಿದರೆ ಹೊಸ ಜಾಗದಲ್ಲೂ ಗೆರೆ, ಹಳೆಯ ಜಾಗದಲ್ಲೂ ಗೆರೆ. ನಕ್ಷೆಯಲ್ಲಿ ಇರುತ್ತಿದ್ದದ್ದು ಒಂದೇ. ಇನ್ನೊಂದು ಪರದೆಯ ಮೇಲೆ ಅಳಿಯದೆ ಉಳಿದ ಕಲೆ.

“ಸಾಹೇಬ್ರ, ಇದರ ಡಿಸ್‌ಪ್ಲೇ ಸೆಟಿಂಗ್ ಒಮ್ಮಿ ನೋಡ್ತೀನ್ರಿ,” ಎಂದೆ.

“ಅದರ ಹೊಟ್ಟ್ಯಾಗ ಕೈ ಹಾಕಬ್ಯಾಡ. ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದಳಂತ!”

ಆಗ ಅಕ್ಕಲಕೋಟದ ಒಂದು ಕೆಲಸ ನಡೆದಿತ್ತು. ಕುರನೂರಿನ ಕಡೆ ಹೊಲವಿದ್ದ ಅಣ್ಣತಮ್ಮಂದಿರು, ತಂದೆ ತೀರಿಕೊಂಡ ಮೇಲೆ ಪಾಲಾಗುತ್ತಿದ್ದರು. ಹಳೆಯ ಮನೆ ಕೆಡವಿ ಎರಡು ಮನೆ ಕಟ್ಟುವುದು, ನಡುವೆ ಒಂದು ಗೋಡೆ. ನಾನು ಅಳತೆಗೆ ಹೋದಾಗ ಇಬ್ಬರ ಹೆಂಡಂದಿರೂ ನನ್ನನ್ನು ಅಡುಗೆಮನೆಗೆ ಕರೆದರು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತ ನೆಗೆಣ್ಣಿಯರು ಅವರು.

“ಗಂಡಸ್ರು ಬೇಕಾದ್ರ ಪಾಲಾಗ್ಲಿ,” ಎಂದರು ಹಿರಿಯಾಕೆ. “ಆ ಗ್ವಾಡ್ಯಾಗ ನಮಗೊಂದು ಕದಾ ಇಡು ತಂಗಿ. ಒಂದು ವಾಟಿ ಪಲ್ಯಾ ಕೊಡಾಕ ಓಣಿ ಸುತ್ತಿ ಬರೂಹಂಗ ಆಗಬಾರ್ದು.”

ಮಾತು ಕೊಟ್ಟೆ. ಅಣ್ಣತಮ್ಮಂದಿರು ಗೊಣಗುತ್ತಲೇ ಒಪ್ಪಿದರು. ಆ ಕದವನ್ನು ನಾನೇ ನಕ್ಷೆಯಲ್ಲಿ ಕೂರಿಸಿದೆ.

ನಕ್ಷೆ ತೋರಿಸುವ ದಿನ ಪ್ರಿಂಟ್ ಒಯ್ಯೋಣವೆಂದು ಹೇಳಿಕೊಂಡೆ. ಸಾಹೇಬರು ಕೇಳಲಿಲ್ಲ. ಎಸ್‌.ಟಿ. ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡು ಕೂತವಳು ನಾನು. ಅಕ್ಕಲಕೋಟದ ಪಡಸಾಲೆಯಲ್ಲಿ ಐದು ಜನ ಹಿರಿಯರು ಕಾಯುತ್ತಿದ್ದರು. ಸಾಹೇಬರು ಪರದೆ ತೆರೆದು, “ಮನಷಾ ಸುಳ್ಳ ಹೇಳ್ಯಾನು, ಮಷೀನ್ ಹೇಳಂಗಿಲ್ರಿ,” ಎಂದರು.

ಅಣ್ಣ ದೊಡ್ಡ ಮನಸ್ಸಿನವನು. ತಮ್ಮನ ಅಂಗಳ ಇಕ್ಕಟ್ಟಾಯಿತೆಂದು, ಗೋಡೆಯನ್ನು ತನ್ನ ಕಡೆಗೆ ಮೂರು ಫೂಟು ಸರಿಸಲು ತಾನಾಗಿಯೇ ಹೇಳಿದ. ನಾನು ಸರಿಸಿದೆ. ಪರದೆಯ ಮೇಲೆ ಎರಡು ಗೋಡೆ ನಿಂತವು.

ತಮ್ಮ ಬಗ್ಗಿ ನೋಡಿದ. “ನಡಕಿನ ಜಾಗಾ ಯಾರದು? ಕೊಟ್ಟಂಗ ಮಾಡಿ ಇಟಗೊಳ್ಳೂದೇನಣ್ಣಾ?”

ಅಣ್ಣನ ಮುಖ ಕೆಂಪಾಯಿತು. “ನಿನ್ನ ಮೂರು ಫೂಟಿನ ಆಸೆ ನನಗ ಇಲ್ಲೋ!”

“ಅಲ್ಲಿ ಜಾಗಾನ ಇಲ್ರಿ,” ಎಂದು ನಾನು ಕೂಗಿದೆ. “ಇರೂದು ಒಂದ ಗ್ವಾಡಿ. ಇದು ಪಡದೇದ ದೋಷ.” ಪರದೆಯನ್ನು ಮತ್ತೆ ಮತ್ತೆ ಹೊಸದಾಗಿ ಬರೆಸಿದೆ. ಹಾಳು ಕಲೆ ಹೋಗಲಿಲ್ಲ.

ಸಾಹೇಬರು ನನ್ನ ಕಡೆ ನೋಡಲೂ ಇಲ್ಲ. ಮಷೀನ್ ಸುಳ್ಳು ಹೇಳುವುದಿಲ್ಲವೆಂದ ಬಾಯಿ ಇನ್ನೂ ಆರಿರಲಿಲ್ಲವಲ್ಲ! “ಅದು ಗಟಾರಕ್ಕ ಬಿಟ್ಟ ಜಾಗಾರಿ. ಅಣ್ಣಂದೂ ಅಲ್ಲ, ತಮ್ಮಂದೂ ಅಲ್ಲ. ತಂಟೇನ ಇಲ್ಲ,” ಎಂದುಬಿಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿ ಎಲ್ಲ ಕಡೆ ಇರುತ್ತಾರೆ. ಹಿರಿಯರು ತಲೆಯಾಡಿಸಿದರು. ಅವರಲ್ಲೊಬ್ಬರು, ಯಾರದೂ ಅಲ್ಲದ ಜಾಗಕ್ಕೆ ಕದ ಯಾಕೆಂದು ಕೇಳಿದರು. ಅಷ್ಟೇ, ನನ್ನ ಕದ ಹೋಯಿತು. ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನೆಗೆಣ್ಣಿಯರನ್ನು ಕರೆದು ಯಾರೂ ಒಂದು ಮಾತು ಕೇಳಲಿಲ್ಲ. ಅಣ್ಣತಮ್ಮಂದಿರು ಹುಲಜಂತಿಯ ದೇವರ ಗುಡಿಯಿಂದ ತಂದಿಟ್ಟ ಭಂಡಾರದ ಅರಿಷಿಣವನ್ನು ಕೈಯಲ್ಲಿ ಎತ್ತಿ, ಈ ಮಾತಿಗೆ ತಪ್ಪುವುದಿಲ್ಲವೆಂದು ಆಣೆ ಮಾಡಿದರು. ಯಾರೋ ಒಂದು ಚಿಟಿಕೆ ಅರಿಷಿಣವನ್ನು ಮಷೀನಿನ ಮೇಲೂ ಹಾರಿಸಿದರು, ಕೀಲಿಗಳ ಸಂದಿಯೆಲ್ಲ ಹಳದಿಯಾಯಿತು.

ಎಲ್ಲರೂ ಊಟಕ್ಕೆ ಕೂತರು. ನಾನು ಪಡಸಾಲೆಯಲ್ಲೇ ಉಳಿದೆ. ಹಾಳಾಗಿ ಹೋಗಲಿ ಸಾಹೇಬರ ಅಪ್ಪಣೆ ಎಂದುಕೊಂಡು ಆ ಮಷೀನಿನ ಹೊಟ್ಟೆಗೆ ಕೈ ಹಾಕಿದೆ. ಬಣ್ಣಗಳ ಸಂಖ್ಯೆ ಇಳಿಸಿದೆ, ಕಲೆ ಹಾಗೇ ಇತ್ತು. ಪರದೆಯ ಅಳತೆ ಬದಲಿಸಿದೆ, ಆಗಲೂ ಹೋಗಲಿಲ್ಲ. ಕೊನೆಗೆ ಕಂಟ್ರೋಲ್ ಪ್ಯಾನಲ್‌ನಲ್ಲಿ, ಚಿತ್ರ ಬರೆಯುವ ಚಿಪ್ ಎಷ್ಟು ಅವಸರ ಮಾಡಬೇಕೆಂದು ಹೇಳುವ ಗುಂಡಿಯನ್ನು ಪೂರ್ತಿ ಎಡಕ್ಕೆ ಎಳೆದು, ಮಷೀನನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಗೋಡೆಯನ್ನು ಆ ಕಡೆ ಈ ಕಡೆ ಸರಿಸಿ ನೋಡಿದೆ. ಒಂದೇ ಗೋಡೆ. ಅದರ ನಡುವೆ ನನ್ನ ಕದ.

ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ಊಟದ ಪಂಕ್ತಿಯ ಮುಂದೆ ಹೋಗಿ ನಿಂತೆ. “ನೋಡ್ರಿ! ಒಂದ ಗ್ವಾಡಿ!”

ಅಣ್ಣ ಬಹಳ ಹೊತ್ತು ನೋಡಿದ. ನಡುವೆ ಜಾಗವೇ ಇರಲಿಲ್ಲವೆಂದು ಅವನಿಗೆ ತಿಳಿಯಿತು, ತಿಳಿದದ್ದು ಅವನ ಮುಖದಲ್ಲಿ ನನಗೂ ಕಂಡಿತು. “ಭಂಡಾರ ಎತ್ತೀವವ್ವಾ. ಇನ್ನ ಮಾತು ತಿರಗಂಗಿಲ್ಲ,” ಎಂದು ತಲೆ ತಗ್ಗಿಸಿ ಊಟ ಮಾಡತೊಡಗಿದ.

ವಾಪಸು ಬರುವಾಗ ಬಸ್ಸಿನಲ್ಲಿ ಸಾಹೇಬರು, “ನಾಕ ಮಂದ್ಯಾಗ ನನ್ನ ಮರ್ಯಾದಿ ತಗದಿ,” ಎಂದು ಹಲ್ಲು ಕಡಿದರು. ಇಲ್ಲದ ಗಟಾರವನ್ನು ನಾನು ಬರೆಯುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಕೈಯಲ್ಲಿ ನಕ್ಷೆ ತೆಗೆಯುವ ಇನ್ನೊಬ್ಬನಿಂದ ಬರೆಸಿದರು, ನನ್ನನ್ನು ಟೈಪಿಂಗಿಗೆ ಕೂರಿಸಿದರು. ಸ್ವಲ್ಪ ದಿನಕ್ಕೆ ನಾನು ಆ ಕಚೇರಿಯನ್ನೇ ಬಿಟ್ಟೆ.

ಮುಂದಿನ ವರ್ಷ ಅಕ್ಕಲಕೋಟಕ್ಕೆ ಹೋದಾಗ ಆ ಮನೆಗೆ ಹೋದೆ. ಎರಡು ಗೋಡೆ ಎದ್ದಿದ್ದವು. ನಡುವಿನ ಸಂದಿಯಲ್ಲಿ ಬಾಳೆಸಿಪ್ಪೆ, ಹರಿದ ಚಪ್ಪಲಿ, ನಿಂತ ನೀರು. ಹಿರಿಯಾಕೆ ಚಹಾ ಕೊಟ್ಟರು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ.

“ಕದಾ ನೀನ ಅಳಸಿದಿ ಅಂತ ನಿಮ್ಮ ಸಾಹೇಬ್ರು ಹೇಳಿದ್ರು,” ಎಂದರು ಕಡೆಗೆ.

ಸಿಟ್ಟು ನೆತ್ತಿಗೇರಿತು. ಚಹಾದ ಬಶಿ ಕೆಳಗಿಟ್ಟು ಮೊದಲಿನಿಂದ ಎಲ್ಲ ಹೇಳಿದೆ. ಅವರು ಬಾಯಿಗೆ ಸೆರಗು ಹಿಡಿದು ಕೇಳಿದರು. ಆಮೇಲೆ ಎದ್ದು ಕಿಟಕಿಗೆ ಹೋಗಿ, ಎರಡೂ ಗೋಡೆ ದಾಟುವ ಹಾಗೆ ಕೂಗಿದರು:

“ಏ ತಂಗೀ, ಕೇಳಿದ್ಯಾ? ಈ ಸಂದಿ ಇರಲೇ ಇಲ್ಲಂತ!”

ಆಚೆ ಕಿಟಕಿಯಿಂದ ಕಿರಿಯಾಕೆಯ ದನಿ ಬಂತು:

“ಹಂಗಾದ್ರ ಇದು ನಾರೂದು ಏನ್ ಅಕ್ಕಾ?”