ಬಿಸಿನೀರಕ್ಕನ ಕೆಟಲ್

ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ದೊಡ್ಡದೊಂದು ಸಂಶೋಧನೆ ನಡೆಯುತ್ತಿತ್ತು. ಎಷ್ಟು ದೊಡ್ಡದು ಎಂದರೆ ಅದರ ಹೆಸರು ಬಾಗಿಲ ಮೇಲಿನ ಬೋರ್ಡಿನಲ್ಲಿ ಹಿಡಿಸದೆ, ಕೊನೆಯ ಎರಡು ಪದಗಳನ್ನು ಗೋಡೆಯ ಮೇಲೆ ಬರೆಸಬೇಕಾಗಿ ಬಂದಿತ್ತು. ಒಬ್ಬರು ಡಾಕ್ಟರಮ್ಮ, ಇಬ್ಬರು ನರ್ಸುಗಳು, ಮನೆಮನೆ ತಿರುಗುವ ಒಬ್ಬ ಕಾರ್ಯಕರ್ತೆ, ಇವರೆಲ್ಲರ ತಲೆಯ ಮೇಲೆ ಅಂಕಿಅಂಶ ನೋಡಿಕೊಳ್ಳುವ ಒಬ್ಬ ಸಾಹೇಬರು. ಇವರು ಮಳೆ ಬಂತು ಎಂದರೂ ನೂರಕ್ಕೆ ಎಷ್ಟು ಎಂದು ಕೇಳುವ ಪೈಕಿ. ಆದ್ದರಿಂದ ಎಲ್ಲರ ಬಾಯಲ್ಲೂ ಅವರು ಶೇಕಡಾ ಸಾಹೇಬರು. ಸಿಬ್ಬಂದಿ ಪಟ್ಟಿಯ ಕಟ್ಟಕಡೆಗೆ, ಹೆಸರಿನ ಜಾಗದಲ್ಲಿ ಬರೀ ‘ಆಯಾ - 1’ ಎಂದು ಬರೆದಿತ್ತು. ನಮ್ಮ ಕತೆ ಆ ಒಂದರದ್ದು.

ಸಂಶೋಧನೆಯ ಕೆಲಸ ಹೀಗೆ. ಮೂವತ್ತು ದಾಟಿದ ಹೆಂಗಸರನ್ನು ಕರೆಸುವುದು, ಪುಟ್ಟ ಬ್ರಷ್‌ನಿಂದ ಒಳಗಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುವುದು. ಯಾರ ಸ್ಯಾಂಪಲ್‌ನಲ್ಲಿ ವೈರಸ್ ಸಿಕ್ಕಿತೋ ಅವರನ್ನು ಮೂರು ವಾರದ ಮೇಲೆ ಮತ್ತೆ ಕರೆಸಿ ನೋಡುವುದು, ಮಚ್ಚೆ ಕಂಡರೆ ಕೈಯಲ್ಲಿ ಹಿಡಿಯುವಂಥ ಯಂತ್ರದ ಬಿಸಿ ತುದಿಯಿಂದ ಅಲ್ಲೇ ಸುಟ್ಟುಬಿಡುವುದು. ಒಂದೆರಡು ನಿಮಿಷದ ಕೆಲಸ. ಮಚ್ಚೆ ಎಂದರೆ ಇನ್ನೂ ಕ್ಯಾನ್ಸರ್ ಅಲ್ಲ; ಹಾಗೇ ಬಿಟ್ಟರೆ ಮುಂದೊಂದು ದಿನ ಆಗಬಹುದು. ಇಷ್ಟಕ್ಕೆಲ್ಲ ಬೇಕಾದದ್ದು ಒಂದೇ, ಹೆಂಗಸು ಎರಡನೇ ಸಲ ಬರಬೇಕು. ಹತ್ತು ಜನರಲ್ಲಿ ಎಂಟು ಜನ ಬರುತ್ತಿದ್ದರು. ಬೇರೆ ಕಡೆ ಇಷ್ಟು ಬರುತ್ತಿರಲಿಲ್ಲವಂತೆ. ಇದು ತಮ್ಮ ಯೋಜನಾ ವಿನ್ಯಾಸದ ಫಲ ಎಂದು ಶೇಕಡಾ ಸಾಹೇಬರು ಎರಡು ಸಮ್ಮೇಳನಗಳಲ್ಲಿ ಭಾಷಣ ಮಾಡಿ, ಅಲ್ಲಿ ಬಂದವರಿಗೆಲ್ಲ ಹಂಚುವ ಎರಡು ಚೀಲ ತಂದಿದ್ದರು.

ಯೋಜನಾ ವಿನ್ಯಾಸ ಇದ್ದದ್ದು ಪರೀಕ್ಷೆ ಕೋಣೆಯ ಮೂಲೆಯ ಸ್ಟೂಲಿನ ಮೇಲೆ. ಅದೊಂದು ಹಿಡಿಕೆ ಸಡಿಲವಾದ ಕರೆಂಟು ಕೆಟಲ್. ಸ್ಯಾಂಪಲ್ ತೆಗೆಯುವಾಗ ಒಳಗೆ ಇಡುವ, ಬಾತುಕೋಳಿ ಕೊಕ್ಕಿನಂಥ ಉಕ್ಕಿನ ಉಪಕರಣಕ್ಕೆ ಸ್ಪೆಕ್ಯುಲಮ್ ಎನ್ನುತ್ತಾರೆ. ಏಸಿ ಕೋಣೆಯಲ್ಲಿ ಅದು ಮಂಜುಗಡ್ಡೆಯ ಹಾಗೆ ಕೊರೆಯುತ್ತದೆ. ಆಯಾ ಕೆಟಲ್‌ನಲ್ಲಿ ನೀರು ಕುದಿಸಿ, ಟ್ರೇಗೆ ಸುರಿದು, ಆರಲು ಬಿಟ್ಟು, ಉಪಕರಣವನ್ನು ಅದರಲ್ಲಿ ಅದ್ದಿ, ಕೈಗವಸಿನ ಮೇಲ್ಗಡೆಯ ಬರಿ ಮಣಿಕಟ್ಟಿಗೆ ಒಂದೆರಡು ಹನಿ ಬಿಟ್ಟು ನೋಡಿ, ಆಮೇಲೆ ಡಾಕ್ಟರಮ್ಮನ ಕೈಗೆ ಕೊಡುತ್ತಿದ್ದಳು. ಸಂಶೋಧನೆ ಬರುವುದಕ್ಕೆ ಮೊದಲಿನಿಂದಲೂ, ಇಪ್ಪತ್ತೆರಡು ವರ್ಷದಿಂದ ಹೀಗೇ. ಮಲಗಿದ ಹೆಂಗಸರು ಅವಳಿಗೆ ಬಿಸಿನೀರಕ್ಕ ಎಂದು ಹೆಸರಿಟ್ಟರು. ಡಾಕ್ಟರಮ್ಮ ಮಾತ್ರ, ಪಾಪ, ಕೈಗವಸು ಹಾಕಿದ ಕೈ, ಉಕ್ಕು ಕಾರ್ಖಾನೆಯಿಂದಲೇ ಬೆಚ್ಚಗೆ ಬರುತ್ತದೆ ಎಂದುಕೊಂಡಿದ್ದರೋ ಏನೋ.

ಈ ವಿದ್ಯೆ ಅವಳು ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ, ಅತ್ತೆಯ ಹತ್ತಿರ. ಅತ್ತೆ ಬಟ್ಟೆ ಹೊಲಿಯುತ್ತಿದ್ದರು. ಅಳತೆ ಟೇಪಿನ ತುದಿಯಲ್ಲಿ ತಗಡಿನ ಪಟ್ಟಿ ಇರುತ್ತದಲ್ಲ, ಅದನ್ನು ಮೊದಲು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡೇ ಯಾರ ಕತ್ತಿಗಾದರೂ ಇಡುತ್ತಿದ್ದರು. “ಮೈ ಬೆಚ್ಚಿಬಿದ್ರೆ ಅಳತೇನೂ ತಪ್ಪುತ್ತೆ, ಗಿರಾಕೀನೂ ತಪ್ಪುತ್ತೆ ಕಣೆ” ಎನ್ನುತ್ತಿದ್ದರು. ಈ ಪಾಠ ಕೇಳಿದವರು ಇಬ್ಬರು. ಒಬ್ಬಳು ಸೊಸೆ, ಇನ್ನೊಬ್ಬಳು ಮಗಳು. ಮಗಳು, ಅಂದರೆ ನಮ್ಮ ಬಿಸಿನೀರಕ್ಕನ ನಾದಿನಿ, ಅಮ್ಮನ ಮೆಷಿನ್ನೂ ಟೇಪೂ ತೆಗೆದುಕೊಂಡು ಪಕ್ಕದ ಬೀದಿಯಲ್ಲೇ ಹೊಲಿಗೆ ಅಂಗಡಿ ಇಟ್ಟಳು.

ಅತ್ತಿಗೆ-ನಾದಿನಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಹೇಳಿದರೆ ನಗುತ್ತೀರಿ. ನಾದಿನಿಯ ಮನೆಯಲ್ಲಿ ನೆಂಟರಿಷ್ಟರು ಊಟಕ್ಕೆ ಕೂತಿದ್ದ ಹೊತ್ತು, ಬಿಸಿನೀರಕ್ಕ ಅನ್ನದ ಪಾತ್ರೆ ಹಿಡಿದು ಬಂದಾಗ ನಾದಿನಿ ಎಲ್ಲರಿಗೂ ಕೇಳುವ ಹಾಗೆ, “ಅತ್ತಿಗೆ, ಆ ಕೈನ ಸರಿಯಾಗಿ ತೊಳ್ಕೊಂಡು ಬಡಿಸಿ, ದಿನಾ ಎಲ್ಲೆಲ್ಲೋ ಇಡೋ ಕೈ” ಎಂದಿದ್ದಳು. ನಾಲ್ಕು ಜನ ನಕ್ಕರು. ಬಿಸಿನೀರಕ್ಕ ಪಾತ್ರೆಯನ್ನು ಅಲ್ಲೇ ಇಟ್ಟು ಒಳಗೆ ಹೋದವಳು ಮತ್ತೆ ಆ ಮನೆಯಲ್ಲಿ ಯಾರಿಗೂ ಬಡಿಸಲಿಲ್ಲ. ಅಂದಿನಿಂದ ಅವಳಿಗೆ ಕೆಲಸ ಮುಗಿದ ಮೇಲೆ ಮೊಣಕೈತನಕ ಸೋಪು ಹಚ್ಚಿ ತೊಳೆದದ್ದೇ ತೊಳೆಯುವ ಚಾಳಿ ಅಂಟಿಕೊಂಡಿತು. ಆಸ್ಪತ್ರೆಯವರು ಅದನ್ನು ಶುಚಿತ್ವದ ಮಾದರಿ ಎಂದು ಫೋಟೋ ತೆಗೆದು ಗೋಡೆಗೆ ಹಾಕಿದರು.

ಹೀಗಿರುವಾಗ ಒಂದು ಸುತ್ತೋಲೆ ಬಂತು. ಬೆಂಕಿ ಅನಾಹುತ ತಪ್ಪಿಸಲು ಅನಧಿಕೃತ ಕರೆಂಟು ಸಾಮಾನುಗಳನ್ನೆಲ್ಲ ವಶಪಡಿಸಿಕೊಳ್ಳಬೇಕು. ಸಾಹೇಬರ ಕೋಣೆಯ ಕಾಫಿ ಯಂತ್ರ ಅಧಿಕೃತ. ಸಭಾಂಗಣದ ಪಾಪ್‌ಕಾರ್ನ್ ಯಂತ್ರವೂ ಅಧಿಕೃತ. ಕೆಟಲ್‌ಗೆ ಚೀಟಿ ಅಂಟಿಸಿ ಉಗ್ರಾಣದ ಬೀರುವಿನಲ್ಲಿಟ್ಟು ಬೀಗ ಜಡಿದರು.

“ಸಾರ್, ಅದು ಪೇಷೆಂಟ್‌ಗೆ ಬೇಕಾಗುತ್ತೆ” ಎಂದಳು ಬಿಸಿನೀರಕ್ಕ.

“ಪೇಷೆಂಟ್‌ಗೆ ಬಿಸಿನೀರು ಕೊಡಿ ಅಂತ ಪ್ರೋಟೋಕಾಲ್‌ನಲ್ಲಿ ಎಲ್ಲಿದೆ? ತೋರಿಸಿ” ಎಂದರು ಶೇಕಡಾ ಸಾಹೇಬರು.

ಅವಳಿಗೆ ರೇಗಿತು. ಮನೆಯಿಂದ ಒಂದು ಫ್ಲಾಸ್ಕ್ ತಂದಿದ್ದರೆ ಮುಗಿದುಹೋಗುತ್ತಿತ್ತು. ತರಲಿಲ್ಲ. ಆಗಲಿ, ಇವರಿಗೂ ಗೊತ್ತಾಗಲಿ ಎಂದು ಮುಖ ಊದಿಸಿಕೊಂಡು, ಉಪಕರಣ ಹೇಗಿತ್ತೋ ಹಾಗೇ ಎತ್ತಿ ಕೊಡತೊಡಗಿದಳು. ಮಲಗಿದ ಹೆಂಗಸರು ಹಲ್ಲು ಕಚ್ಚಿದರು, ಕಾಲು ಸೆಳೆದುಕೊಂಡರು. ಡಾಕ್ಟರಮ್ಮ “ರಿಲ್ಯಾಕ್ಸ್, ರಿಲ್ಯಾಕ್ಸ್” ಎಂದು ಗದರಿದರು.

ಆ ತಿಂಗಳೇ ಪಕ್ಕದ ಬೀದಿಯ ಹೆಂಗಸರ ಗುಂಪು ಬಂದಿತ್ತು. ಅದರಲ್ಲಿ ನಾದಿನಿಯೂ ಇದ್ದಳು. ಅತ್ತಿಗೆಯನ್ನು ಕಂಡವಳೇ ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ಬಿಸಿನೀರಕ್ಕ ತಣ್ಣನೆಯ ಉಕ್ಕನ್ನು ಡಾಕ್ಟರಮ್ಮನಿಗೆ ಕೊಟ್ಟಳು. ನಾದಿನಿಯ ಮೈ ಒಮ್ಮೆಗೇ ಸೆಟೆದುಕೊಂಡಿತು. ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ: ಆಗ ಬಿಸಿನೀರಕ್ಕನಿಗೆ ಸಾಸಿವೆಯಷ್ಟು ಸಂತೋಷವಾಯಿತು.

ಮುಂದಿನ ತಿಂಗಳಿಗೆ, ಹತ್ತಕ್ಕೆ ಎಂಟು ಬರುತ್ತಿದ್ದ ಹೆಂಗಸರು ಐದಕ್ಕೆ ಇಳಿದರು. ಅದರ ಮುಂದಿನ ತಿಂಗಳು ನಾಲ್ಕು. ಶೇಕಡಾ ಸಾಹೇಬರ ಮುಖದ ಕಳೆಯೂ ಅದೇ ಲೆಕ್ಕದಲ್ಲಿ ಇಳಿಯಿತು. ಸಭೆಯ ಮೇಲೆ ಸಭೆ. ಚಹಾ ತಂದುಕೊಡುವ ನೆಪದಲ್ಲಿ ಬಿಸಿನೀರಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ಸಿನ ವೇಳೆ ಬದಲಾದದ್ದಕ್ಕೆ ಎಂದರು ಒಬ್ಬರು. ಹೆಂಗಸರಲ್ಲಿ ಅರಿವಿನ ಕೊರತೆ ಎಂದರು ಇನ್ನೊಬ್ಬರು. ಕರಪತ್ರದ ಗುಲಾಬಿ ಬಣ್ಣ ಭಯ ಹುಟ್ಟಿಸುತ್ತದೆ ಎಂದು ಪತ್ತೆ ಹಚ್ಚಿದವರೊಬ್ಬರು ಅದನ್ನು ಹಸಿರು ಮಾಡಿಸಿದರು. ನಲವತ್ತೊಂದು ಪ್ರಶ್ನೆಗಳ ಪಟ್ಟಿ ತಯಾರಾಯಿತು. ಮನೆಯಲ್ಲಿ ಟೀವಿ ಇದೆಯೇ ಎಂಬುದರಿಂದ ಹಿಡಿದು ಗಂಡ ಎಷ್ಟು ಓದಿದ್ದಾನೆ ಎಂಬುದರವರೆಗೆ ಎಲ್ಲ ಇತ್ತು. ಮಲಗಿದಾಗ ಹೇಗನ್ನಿಸಿತು ಎಂಬುದೊಂದು ಇರಲಿಲ್ಲ. ಬಿಸಿನೀರಕ್ಕನಿಗೆ ಒಳಗೊಳಗೇ ಹಾಲು ಕುಡಿದಷ್ಟು ಹಿತ. ಬಂದು ಕೇಳಲಿ, ಕೇಳಿದರೆ ಹೇಳುತ್ತೇನೆ ಎಂದು ಕಾದಳು. ಯಾರೂ ಆಯಾಳನ್ನು ಕೇಳಲಿಲ್ಲ.

ಒಂದು ಮಧ್ಯಾಹ್ನ ಮನೆಮನೆ ತಿರುಗುವ ಕಾರ್ಯಕರ್ತೆ ಬೆವರು ಒರೆಸಿಕೊಳ್ಳುತ್ತ ಬಂದು ಬೆಂಚಿನ ಮೇಲೆ ಕುಸಿದಳು.

“ಬಿಸಿನೀರಕ್ಕ, ನಾನು ಹೇಳಬಾರದು, ಹೇಳಿಲ್ಲ ಅಂತ್ಲೇ ತಿಳ್ಕೊಳ್ಳಿ. ನಿಮ್ಮ ಪಕ್ಕದ ಬೀದಿ ಹೊಲಿಗೆ ಅಂಗಡಿಯವಳು ಇದ್ದಾಳಲ್ಲ, ಮೂರನೇ ಸಲ ಮುಖದ ಮೇಲೆ ಬಾಗಿಲು ಹಾಕಿದಳು. ವೈರಸ್ ಬಂದಿದೆ ಅಂದ್ರೂ ಕೇಳಲ್ಲ. ಸತ್ರೂ ಆ ಮಂಚದ ಮೇಲೆ ಮಲಗಲ್ಲ ಅಂತಾಳೆ. ಮೂರು ಸಲ ಆಯ್ತು, ಇನ್ನು ಅವಳದ್ದು ‘ಸಂಪರ್ಕ ತಪ್ಪಿದವರು’ ಕಾಲಂಗೆ ಹೋಗುತ್ತೆ. ತಿಂಗಳ ಕೊನೆಗೆ ಆ ಸುಡೋ ಯಂತ್ರಾನೂ ಬೇರೆ ಆಸ್ಪತ್ರೆಗೆ ಹೊರಟುಹೋಗುತ್ತೆ.”

ಬಿಸಿನೀರಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಬೇರೆ ಹೆಂಗಸರಿಗೆ ಆ ಉಪಕರಣ ಬರೀ ತಣ್ಣಗಿತ್ತು. ಆದರೆ ಟೇಪಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಬೆಳೆದ ಆ ಮನೆಯ ಮಗಳಿಗೆ, ಅತ್ತಿಗೆಯ ಕೈಯಿಂದ ಬಂದ ತಣ್ಣನೆಯ ಉಕ್ಕು ಏನು ಹೇಳಿರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಅವಳು ನೆಟ್ಟಗೆ ಪರೀಕ್ಷೆ ಕೋಣೆಗೆ ಹೋಗಿ ಒಂದು ಸ್ಪೆಕ್ಯುಲಮ್ ಎತ್ತಿಕೊಂಡು ಶೇಕಡಾ ಸಾಹೇಬರ ಕೋಣೆಗೆ ಬಂದಳು. ಸಾಹೇಬರು ಹಸಿರು ಕರಪತ್ರದ ಪರಿಣಾಮದ ನಕ್ಷೆ ಬರೆಯುತ್ತಿದ್ದರು.

“ಸಾರ್, ಹೆಂಗಸರು ಯಾಕೆ ಬರ್ತಿಲ್ಲ ಅಂತ ನಂಗೊತ್ತು. ಇದನ್ನ ಅಂಗಿ ಒಳಗೆ, ಹೊಟ್ಟೆ ಮೇಲೆ ಒಂದು ನಿಮಿಷ ಇಟ್ಕೊಳ್ಳಿ.”

“ಏನಮ್ಮ ಇದು?”

“ಹೊಟ್ಟೆ ಮೇಲೆ ಸಾಕು ಸಾರ್. ಅವರಷ್ಟು ಕಷ್ಟ ನಿಮಗೆ ಬೇಡ.”

ಸಾಹೇಬರು ಅದನ್ನು ಬರೀ ಅಂಗೈಯಲ್ಲಿ ಹಿಡಿದರು. ಹಿಡಿದವರು ಬೇಗನೆ ಮೇಜಿನ ಮೇಲಿಟ್ಟರು. ಕೆಟಲ್ ವಿಷಯವನ್ನು ಅವಳು ಮೊದಲಿನಿಂದ ಹೇಳಿದಳು. ಅವರು ಇದಕ್ಕೆ ಪುರಾವೆ ಇಲ್ಲ, ಇದನ್ನು ದಾಖಲಿಸಲು ಬರುವುದಿಲ್ಲ, ಇನ್ನೊಂದು ಅಧ್ಯಯನವೇ ಬೇಕಾಗುತ್ತದೆ ಎಂದರು. ಆದರೂ ಮನುಷ್ಯರು ಕೆಟ್ಟವರಲ್ಲ. ಕೆಟಲ್ ಬಿಡುಗಡೆಯ ಚೀಟಿಗೆ ಸಹಿ ಹಾಕಿದರು. ಕಾರಣದ ಜಾಗದಲ್ಲಿ ‘ಅಧಿಕಾರಿಗಳ ಚಹಾಕ್ಕಾಗಿ’ ಎಂದು ಬರೆದರು. ಅದಕ್ಕೆ ಪ್ರೋಟೋಕಾಲ್ ಇತ್ತು.

ಅಂದೇ ಸಂಜೆ ಬಿಸಿನೀರಕ್ಕ ಹನ್ನೊಂದು ವರ್ಷದ ಮೇಲೆ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಳು. ನಾದಿನಿ ತಲೆ ಎತ್ತಲಿಲ್ಲ. ಮೆಷಿನ್ ಓಡುತ್ತಲೇ ಇತ್ತು.

“ಅಂಗಡಿ ಮುಚ್ಚೋ ಹೊತ್ತಾಯ್ತು” ಎಂದಳು.

“ಗೊತ್ತು. ನಿಂತ್ಕೊಂಡೇ ಹೇಳ್ತೀನಿ. ಅವತ್ತು ನಿಂಗೆ ಅದು ತಣ್ಣಗಿತ್ತು.”

ಮೆಷಿನ್ ನಿಂತಿತು.

“ಬೇಕಂತ್ಲೇ ಮಾಡಿದ್ರಿ” ಎಂದಳು ನಾದಿನಿ. “ನಾನು ಆಡಿದ ಮಾತಿಗೆ. ಅಮ್ಮನ ಹತ್ರ ಕಲಿತವರು ನೀವು. ನಿಮಗೆ ಗೊತ್ತಿಲ್ಲದೆ ಆಗೋಕೆ ಸಾಧ್ಯಾನೇ ಇಲ್ಲ.”

ಸುಳ್ಳು ಹೇಳುವುದು ಸುಲಭವಿತ್ತು. ಸುತ್ತೋಲೆ ಇತ್ತು, ಬೀಗ ಇತ್ತು, ಸಾಹೇಬರಿದ್ದರು. ಎಲ್ಲವನ್ನೂ ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು.

“ಕೆಟಲ್ ಕಿತ್ಕೊಂಡಿದ್ರು, ಅದು ನಿಜ” ಎಂದಳು ಬಿಸಿನೀರಕ್ಕ. “ಆದ್ರೆ ಮನೆಯಿಂದ ಫ್ಲಾಸ್ಕ್‌ನಲ್ಲಿ ತರಬಹುದಿತ್ತು. ಹಠಕ್ಕೆ ಬಿದ್ದು ತರಲಿಲ್ಲ. ನಿನ್ನ ಮೈ ಸೆಟೆದಾಗ ನಂಗೆ ಒಳಗೆ ಖುಷಿ ಆಯ್ತು. ನನ್ನಿಂದ ತಪ್ಪಾಯ್ತು. ಇನ್ನೂ ಏನೂ ಆಗಿಲ್ಲ ಕಣೆ, ಮಚ್ಚೆ ಇದ್ರೂ ಈಗ ಸುಟ್ಟುಬಿಟ್ರೆ ಹೋಗುತ್ತೆ. ನನ್ನ ಮೇಲಿನ ಸಿಟ್ಟಿಗೆ ನಿನ್ನ ಜೀವ ಯಾಕೆ ಕಳ್ಕೋತೀಯ?”

ನಾದಿನಿ ಬಹಳ ಹೊತ್ತು ಮೇಜಿನ ಮೇಲಿದ್ದ ಟೇಪನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಕೂತ್ಕೊಳ್ಳಿ” ಎಂದಳು ಕೊನೆಗೆ. “ನಿಂತ್ರೆ ಕಾಲು ನೋಯುತ್ತೆ.”

ಎರಡು ದಿನ ಬಿಟ್ಟು ನಾದಿನಿ ಬಂದಳು. ಈ ಸಲ ಮುಖವನ್ನು ಗೋಡೆಗೆ ತಿರುಗಿಸಲಿಲ್ಲ. ಮಲಗಿದಲ್ಲಿಂದಲೇ ಮೂಲೆಯ ಸ್ಟೂಲನ್ನು ನೋಡುತ್ತಿದ್ದಳು. ಕೆಟಲ್ ಗೊರಗುಟ್ಟಿ ಕುದಿಯಿತು. ಬಿಸಿನೀರಕ್ಕ ನೀರು ಸುರಿದಳು, ಆರಲು ಬಿಟ್ಟಳು, ಉಕ್ಕನ್ನು ಅದ್ದಿದಳು, ಮಣಿಕಟ್ಟಿಗೆ ಹನಿ ಬಿಟ್ಟು ನೋಡಿದಳು. ಸಾಲದು ಎಂದು ಇನ್ನೊಮ್ಮೆ ನೋಡಿದಳು. ಡಾಕ್ಟರಮ್ಮ ಮಚ್ಚೆ ಹುಡುಕಿ, ಯಂತ್ರದ ತುದಿ ಇಟ್ಟು, ನಿಧಾನವಾಗಿ ಎಣಿಸಿದರು. ನಾದಿನಿಯ ಹೊಟ್ಟೆ ಒಮ್ಮೆ ಹಿಂಡಿತು, ಅಷ್ಟೆ. ಮುಂದಿನ ವರ್ಷ ಮತ್ತೆ ಬಂದು ತೋರಿಸಿ ಹೋಗಬೇಕು ಎಂದರು ಡಾಕ್ಟರಮ್ಮ. ಆಮೇಲೆ ತಮ್ಮ ಕೈಗವಸು ತೆಗೆದು, ಟ್ರೇಯ ನೀರಿಗೆ ಬೆರಳು ಅದ್ದಿ, ಬಿಸಿನೀರಕ್ಕನ ಮುಖವನ್ನೇ ಒಂದು ಗಳಿಗೆ ನೋಡಿದರು.

ಹೊರಗೆ ನರ್ಸ್ ಪಟ್ಟಿ ಹಿಡಿದು ಕಾಯುತ್ತಿದ್ದಳು. “ಮತ್ತೆ ಬರೋಕೆ ಕಾರಣ ಏನು? ಕರಪತ್ರ, ಫೋನ್ ಮೆಸೇಜು, ಬಸ್ ಸೌಲಭ್ಯ, ಇತರೆ.”

“ನಮ್ಮ ಅತ್ತಿಗೆ” ಎಂದಳು ನಾದಿನಿ.

‘ಇತರೆ’ ಎಂದು ಗುರುತು ಹಾಕಿದರೆ ವಿವರ ಬರೆಯಬೇಕಾಗುತ್ತದೆ, ಸಾಲಿನಲ್ಲಿ ಇನ್ನೂ ಆರು ಜನರಿದ್ದಾರೆ. ನರ್ಸ್ ಕರಪತ್ರಕ್ಕೆ ಗುರುತು ಹಾಕಿದಳು. ಆಮೇಲೆ ಬಂದ ವರದಿಯಲ್ಲಿ ಹಸಿರು ಬಣ್ಣದ ಪರಿಣಾಮ ಗಮನಾರ್ಹ ಎಂದು ಇತ್ತಂತೆ. ಶೇಕಡಾ ಸಾಹೇಬರು ಅದಕ್ಕೆ ಇನ್ನೊಂದು ಚೀಲ ತಂದರು.

ಬಿಸಿನೀರಕ್ಕ ಅಷ್ಟರಲ್ಲಿ ವರಾಂಡದ ಕೊನೆಯ ನಲ್ಲಿಯ ಮುಂದೆ, ತನ್ನದೇ ಫೋಟೋದ ಕೆಳಗೆ ನಿಂತು ಕೈ ತೊಳೆಯುತ್ತಿದ್ದಳು. ಮೊಣಕೈತನಕ ಸೋಪು ಹಚ್ಚಿದಳು, ತೊಳೆದಳು, ಮತ್ತೆ ಹಚ್ಚಿದಳು. ಮನೆಗೆ ಹೊರಟ ನಾದಿನಿ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಮೂರನೇ ಸಲ ಸೋಪಿಗೆ ಕೈ ಹಾಕಿದಾಗ ಪಕ್ಕದಿಂದ ಒಂದು ಕೈ ಚಾಚಿ ಬಂದು ನಲ್ಲಿಯನ್ನು ನಿಲ್ಲಿಸಿತು.

“ಸಾಕು ಬಿಡಿ ಅತ್ತಿಗೆ” ಎಂದಳು ನಾದಿನಿ, “ಎಷ್ಟು ಅಂತ ತೊಳೀತೀರಿ? ಬನ್ನಿ, ನಮ್ಮ ಮನೇಲಿ ಅಡಿಗೆ ಆಗಿದೆ. ನೀವೇ ಬಡಿಸಬೇಕು.”