ತಂಗಮ್ಮ ಬೆಚ್ಚಗಿಟ್ಟ ಚೆಲ್ಲೊ

ಸಿದ್ದಾಪುರದ ಹತ್ತಿರದ ಕಾಫಿತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಮಾಯಿಲಪ್ಪನವರಿಗೆ ಇಬ್ಬರು ಹೆಂಡಿರು ಎಂದು ಕೂಲಿಯಾಳುಗಳ ಲೈನ್‌ಮನೆಯವರೆಲ್ಲ ತಮಾಷೆ ಮಾಡುತ್ತಿದ್ದರು. ಒಬ್ಬರು ತಂಗಮ್ಮ. ಇನ್ನೊಬ್ಬಳು ಚೆಲ್ಲೊ, ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ತಂಗಮ್ಮನಿಗೂ ಈ ಮಾತು ಕೇಳಿ ನಗುವೇ. "ಸವತಿಗೆ ಅನ್ನ ಹಾಕೊಕುಂತ ಇಲ್ಲೆ, ಅದೇ ಪುಣ್ಯ" ಎನ್ನುತ್ತಿದ್ದರು.

ತೋಟದ ಬಂಗಲೆಯ ಹಳೆಯ ಅಮ್ಮಾವರು ಮಾಯಿಲಪ್ಪನವರಿಗೆ ಈ ವಿದ್ಯೆ ಕಲಿಸಿ, ತೋಟ ಮಾರಿ ಹೋಗುವಾಗ ಚೆಲ್ಲೊವನ್ನೂ ಕೊಟ್ಟು ಹೋದರು. ಜೊತೆಗೊಂದು ಕನ್ಸರ್ಟೊದ ಸ್ವರಲಿಪಿಯ ಹಾಳೆಗಳು. ಇನ್ನೂರೈವತ್ತು ವರ್ಷ ಹಿಂದಿನ, ಯಾವುದೋ ದೂರದ ಅರಮನೆಯ ಸಂಗೀತ. ಚೆಲ್ಲೊ ಒಂದು ಮಾತಾಡಿದರೆ ಸುತ್ತ ಕೂತ ಪಿಟೀಲು, ಕೊಂಬುಗಳ ಮೇಳ ಉತ್ತರ ಕೊಡಬೇಕು. ಆದರೆ ಮಾಯಿಲಪ್ಪನವರ ಕೈಯಲ್ಲಿದ್ದುದು ಚೆಲ್ಲೊದ ಪಾಲು ಮಾತ್ರ. ಮೇಳ ನುಡಿಸುವ ಜಾಗ ಬಂದಾಗ ಅವರು ಕಮಾನನ್ನು ತೊಡೆಯ ಮೇಲಿಟ್ಟು, ತಲೆಯಾಡಿಸುತ್ತಾ ಕಾಯುತ್ತಿದ್ದರು.

"ಯಾರ್‌ನ ಕಾಯ್ತಾ ಕುದ್ದೊಳರಿ?" ಎಂದು ತಂಗಮ್ಮ ಅಡುಗೆಮನೆಯಿಂದ ಕೆಣಕುವರು.

"ಉಳ್ದವು ನುಡ್ಸುವಾಗ ನಾ ಸುಮ್ಮನೆ ಇರೊಕು."

ಉಳಿದವರು ಎಲ್ಲಿದ್ದಾರೆ? ಮದುವೆಯಾದಾಗಿನಿಂದ ಬರಲೇ ಇಲ್ಲ.

ಮಾಯಿಲಪ್ಪನವರಿಗೆ ಎಪ್ಪತ್ತು ದಾಟಿದ ಮೇಲೆ ಬಂದರು. ಹೋಮ್‌ಸ್ಟೇಗೆ ಬಂದಿದ್ದ ಮಿಲನ್ ಎಂಬ ಯುವಕ ಬೇಲಿಯಾಚೆಯಿಂದ ಈ ನಾದ ಕೇಳಿ ಒಳಗೇ ಬಂದುಬಿಟ್ಟ. ಮೈಸೂರಿನಲ್ಲಿ ಅವನದೊಂದು ಆರ್ಕೆಸ್ಟ್ರಾ. ಜುಲೈ ಕಛೇರಿಯಲ್ಲಿ ನಮ್ಮ ಜೊತೆ ನೀವೇ ನುಡಿಸಬೇಕು ಎಂದ. ಎಲ್ಲ ವಾದ್ಯಗಳ ಸಾಲೂ ಇರುವ, ಇಡೀ ಮೇಳದ ಸ್ಕೋರನ್ನು ಫೋನಿಗೆ ಕಳಿಸಿದ.

ಮಾಯಿಲಪ್ಪ ಅದನ್ನು ಪ್ರಿಂಟ್ ಮಾಡಿಸಲು ಸುರಿಯುವ ಮಳೆಯಲ್ಲೇ ವಿರಾಜಪೇಟೆ ಬಸ್ಸು ಹತ್ತಿದರು. ದಾರಿಗೆ ಮರ ಬಿದ್ದು ಅಂದು ವಾಪಸು ಬರಲಾಗಲಿಲ್ಲ.

ಇತ್ತ ತಂಗಮ್ಮ ಚೆಲ್ಲೊದ ಚೀಲ ಬಿಚ್ಚಿ ನೋಡಿದರೆ ಮೈಯೆಲ್ಲ ಬಿಳಿ ಬೂಷ್ಟು. ಕಛೇರಿಗೆ ಹೊರಟವಳು ಹೀಗಾ ಹೋಗುವುದು? ಮಳೆಗಾಲದಲ್ಲಿ ಈ ಕಡೆಯವರು ಏನನ್ನು ಉಳಿಸಿಕೊಳ್ಳಬೇಕಾದರೂ ಒಲೆಯ ಮೇಲಿನ ಅಟ್ಟಕ್ಕೇ ಏರಿಸುತ್ತಾರೆ. ಬಿತ್ತನೆ ಬೀಜ, ಕರಿಮೆಣಸು, ಒಣಗದ ಬಟ್ಟೆ, ಎಲ್ಲ ಅಲ್ಲೇ. ತಂಗಮ್ಮ ಸವತಿಯನ್ನು ಒರೆಸಿ, ಹಳೆಯ ಸೀರೆ ಸುತ್ತಿ, ಪಕ್ಕದ ಮನೆಯ ಲೋಹಿತ್‌ನನ್ನು ಕರೆದು ಮೇಲೇರಿಸಿದರು. ಒಲೆಗೆ ಒಳ್ಳೆಯ ಕಾಫಿಸೌದೆ ತುರುಕಿದರು. ಆ ಚೆಲ್ಲೊಗೆ ಅವರು ಅಷ್ಟು ಅಕ್ಕರೆ ತೋರಿಸಿದ್ದು ಅದೇ ಮೊದಲು.

ಚೆಲ್ಲೊದ ಹಲಗೆಗಳನ್ನು ಹಿಡಿದಿದ್ದ ಹಳೆಯ ಕಾಲದ ಅಂಟು ಬಿಸಿಗೆ ಬಿಟ್ಟುಕೊಂಡಿತು. ಬೆಳಿಗ್ಗೆ ಇಳಿಸಿದಾಗ ಕುತ್ತಿಗೆ ಕಳಚಿತ್ತು, ಎದೆಯ ಹಲಗೆ ಉದ್ದಕ್ಕೂ ಸೀಳಿತ್ತು.

ಮಾಯಿಲಪ್ಪ ಬಂದು ನೋಡಿದರು. ಬೈಯಲಿಲ್ಲ. ಬೂಟು ಬಿಚ್ಚಿ, ಕಾಫಿ ಕುಡಿದು, ಸೀಳಿನ ಮೇಲೆ ಒಮ್ಮೆ ಕೈಯಾಡಿಸಿದರು. ಬೈದಿದ್ದರೆ ತಂಗಮ್ಮ ಅತ್ತು ಹಗುರಾಗುತ್ತಿದ್ದರು. ಬೇರೆ ಚೆಲ್ಲೊ ಕೊಡುತ್ತೇವೆ ಬನ್ನಿ ಎಂದು ಮಿಲನ್ ಫೋನಿನಲ್ಲಿ ಗೋಗರೆದ. "ನನ್ನ ಬೆರಳಿಗೆ ಇದೊಂದೇ ಗೊತ್ತು ಮಾರಾಯಾ, ಈ ವಯಸ್ಸಲ್ಲಿ ಇನ್ನೊಂದಕ್ಕೆ ಒಗ್ಗುದಿಲ್ಲ" ಎಂದು ಇವರು ಫೋನಿಟ್ಟರು. ಅವರ ಜಾಗದಲ್ಲಿ ನಿಶ್ಮಿತಾ ಎಂಬ ಹುಡುಗಿ ನುಡಿಸುವುದೆಂದಾಯಿತು.

ಕಛೇರಿಯ ಸಂಜೆ ಮಾಯಿಲಪ್ಪ ಮೇಜಿನ ಮೇಲೆ ಸ್ಕೋರು ಬಿಡಿಸಿ ಕೂತರು. ತಂಗಮ್ಮ ಪಕ್ಕದಲ್ಲಿ ಬಂದು ಕೂತರು. ಪುಟದ ತುಂಬ ಸಾಲುಗಳು. ಇದು ಪಿಟೀಲು, ಇದು ಕೊಂಬು ಎಂದು ಬೆರಳಿಟ್ಟು ತೋರಿಸುತ್ತಾ ಅವರು ಮೆಲ್ಲಗೆ ಗುನುಗಿದರು. ಇಷ್ಟು ವರ್ಷ ಅವರು ಕಾಯುತ್ತಿದ್ದವರೆಲ್ಲ ಅಲ್ಲಿದ್ದರು, ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ.

ಪುಟ ಮಗುಚಿದಾಗ ಅವರ ಗುನುಗು ನಿಂತಿತು. ಬೆರಳು ಬೇರೊಂದು ಸಾಲಿಗೆ ಇಳಿದು, ಸದ್ದಿಲ್ಲದೆ ಮುಂದೆ ಸರಿಯತೊಡಗಿತು.

"ಇದ್ ಯಾರ್ದ್?" ಎಂದರು ತಂಗಮ್ಮ.

"ನಂದ್."

ಆ ಸಾಲು ಮುಗಿಯುವವರೆಗೂ ತಂಗಮ್ಮ ಕಾಯುತ್ತಾ ಕುಳಿತರು.