ಬ್ರೇಕ್ ಮೇಸ್ತ್ರಿಯ ಹೆಬ್ಬೆರಳು

ಬ್ರೇಕ್ ಮೇಸ್ತ್ರಿ ತನ್ನ ಕೈಯನ್ನು ಬಿಟ್ಟರೆ ಇನ್ನೊಬ್ಬರ ಕೈಯನ್ನು ನಂಬುವ ಮನುಷ್ಯನಲ್ಲ. ಹೆಂಡತಿ ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುವನು. ಡಾಕ್ಟರು ಕೊಟ್ಟ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡದೆ ನುಂಗನು. ಬೀದಿಯವರು ಇದನ್ನು ಶಿಸ್ತು ಎನ್ನುತ್ತಿದ್ದರು. ಅವನ ತಂಗಿ ಹಾಗೆನ್ನುತ್ತಿರಲಿಲ್ಲ. ಹನ್ನೊಂದು ವರ್ಷ ಅವಳು ಮಾಡಿದ ಕೆಲಸವನ್ನು ಬಿಚ್ಚಿ ನೋಡಿದವನು ಅವನು.

ಅಂಥ ಅಣ್ಣನ ಕಾರು ರಿಪೇರಿ ಶೆಡ್ಡಿಗೆ ಅವಳು ಇಪ್ಪತ್ತಾರು ವರ್ಷಗಳ ಮೇಲೆ ಹೊರಟದ್ದು ಅತ್ತಿಗೆಯ ಫೋನಿನಿಂದ.

"ನಿಮ್ಮಣ್ಣ ಕರೀಲಿಲ್ಲ, ನಾನು ಕರೀತಿದೀನಿ," ಎಂದಳು ಅತ್ತಿಗೆ. "ಮನೆ ಕಾರು ಹತ್ತು ದಿನದಿಂದ ಜ್ಯಾಕ್ ಮೇಲೆ ನಿಂತಿದೆ. ಬ್ರೇಕ್ ಒತ್ತಿದ್ರೆ ಸ್ಟಿಯರಿಂಗ್ ನಡುಗುತ್ತೆ ಅಂತ ತಾವೇ ಬಿಚ್ಚಿದ್ರು. ಈಗ ಜೋಡಿಸೋಕಾಗ್ತಿಲ್ಲ. ಬೇರೆ ಮೆಕ್ಯಾನಿಕ್ಕನ್ನ ಗೇಟಿನೊಳಗೆ ಬಿಡಲ್ಲ. ನಾನು ಈ ಮಂಡಿ ಹೊತ್ಕೊಂಡು ಎರಡು ಬಸ್ಸು ಹತ್ತಿ ಆಸ್ಪತ್ರೆಗೆ ಹೋಗ್ತಿದೀನಿ."

"ಯಾಕೆ ಆಗ್ತಿಲ್ಲ ಅತ್ತಿಗೆ?"

"ಸಕ್ಕರೆ ಕಾಯಿಲೆ. ಬೆರಳಿಗೆ ಸ್ಪರ್ಶವೇ ಇಲ್ಲ. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ. ಯಾರಿಗೂ ಹೇಳ್ಬೇಡ ಅಂದಿದಾರೆ, ಅದಕ್ಕೇ ನಿನಗೊಬ್ಬಳಿಗೆ ಹೇಳ್ತಿದೀನಿ."

ತಗಡಿನ ಬಾಗಿಲು ದಾಟಿದ ಕೂಡಲೇ ಗ್ರೀಸು, ಸೀಮೆಎಣ್ಣೆ, ಹಳೆಯ ರಬ್ಬರು ಒಟ್ಟಿಗೆ ಮೂಗಿಗೆ ಬಡಿದವು. ಅವಳಿಗೆ ಮತ್ತೆ ಹದಿನೇಳರ ವಯಸ್ಸಾಗಿಬಿಟ್ಟಿತು. ಅಪ್ಪ ತೀರಿಕೊಂಡ ವರ್ಷ ಇದೇ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಕಲಿತಿದ್ದಳು. ಅದೇ ಕಿಟಕಿ, ಅದೇ ಮೊಳೆ. ಮೊಳೆಗೆ ತೂಗುಹಾಕಿದ್ದ ತಂತಿ ಬ್ರಶ್ಶು ಮಾತ್ರ ಅವಳದ್ದಲ್ಲ. ತಂತಿ ಬ್ರಶ್ಶು ಇಪ್ಪತ್ತಾರು ವರ್ಷ ಬಾಳುವ ವಸ್ತುವಲ್ಲ.

ಆಗ ಮಳೆ ಬಂದ ಮರುದಿನ ಗಿರಾಕಿಗಳು ಗಾಬರಿಬಿದ್ದು ಬರುತ್ತಿದ್ದರು. ಚಕ್ರದ ಸಂದಿಯಲ್ಲಿ ಬಗ್ಗಿ ನೋಡಿದರೆ ಬ್ರೇಕ್ ಕಚ್ಚಿ ಹಿಡಿಯುವ ಡಿಸ್ಕಿನ ತುಂಬ ಕೇಸರಿ ತುಕ್ಕು. ಅಣ್ಣ ಏಳುತ್ತಲೂ ಇರಲಿಲ್ಲ. "ಓಡಿಸಿ, ನಾಲ್ಕು ಸಲ ಬ್ರೇಕ್ ಒತ್ತಿ. ಮುಖ ತೊಳೆದ ಹಾಗೆ ಹೋಗುತ್ತೆ," ಎಂದು ವಾಪಸು ಕಳಿಸುತ್ತಿದ್ದ. ಅವನಿಗೆ ಚಿಂತೆಯಿದ್ದದ್ದು ಡಿಸ್ಕಿನ ಹಿಂದೆ ಕೂರುವ ಹಬ್‌ನದು. ತಟ್ಟೆಯಷ್ಟಗಲದ ಆ ಕಬ್ಬಿಣದ ಮೇಲೆ ತುಕ್ಕು ಹಿಡಿದರೆ ಓಡಿಸಿ ಕಳೆಯಲಾಗದು, ಬಿಚ್ಚಿ ಉಜ್ಜಬೇಕು. ಒಂದು ಹಕ್ಕಳೆ ಉಳಿದರೂ ಡಿಸ್ಕು ಓರೆಯಾಗಿ ಕೂತು ಬ್ರೇಕು ನಡುಗುತ್ತದೆ.

ಉಜ್ಜುವ ಕೆಲಸ ಅವಳದು. ಮೊದಲು ತಂತಿ ಬ್ರಶ್ಶು, ಆಮೇಲೆ ಎಮರಿ ಕಾಗದ, ಕೊನೆಗೆ ಒಣಬಟ್ಟೆ. ಅಣ್ಣ ಬಂದು, ಅದಕ್ಕೆಂದೇ ಬೆಳೆಸಿದ್ದ ಹೆಬ್ಬೆರಳ ಉಗುರನ್ನು ಹಬ್‌ನ ಮುಖದ ಮೇಲೆ ಎಳೆಯುತ್ತಿದ್ದ. ಕಣ್ಣು ಮೋಸಹೋದರೂ ಉಗುರು ಮೋಸಹೋಗದು. "ಇನ್ನೊಮ್ಮೆ," ಎನ್ನುತ್ತಿದ್ದ. ಸರಿಯಿದ್ದರೆ ಏನೂ ಅನ್ನುತ್ತಿರಲಿಲ್ಲ.

ಕಲಿತ ಮೊದಲ ವರ್ಷ, ಚೆಂದ ಕಾಣಲೆಂದು ಅವಳು ನಾಲ್ಕು ಹಬ್‌ಗಳಿಗೂ ಪೂರ್ತಿ ಬೆಳ್ಳಿ ಬಣ್ಣ ಬಳಿದಿದ್ದಳು. ಅವನು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಮದುವೆ ಹೆಣ್ಣಾ ಇದು? ಹೊರಗಿನ ಅಂಚಿಗೆ ಬಳಿ, ಬೇಡ ಅನ್ನಲ್ಲ. ಎರಡು ಕಬ್ಬಿಣ ಕೂಡೋ ಜಾಗದಲ್ಲಿ ಮೂರನೇದು ಏನೂ ಇರಬಾರದು." ಆ ಬಣ್ಣ ಕೆರೆಯಲು ಎರಡು ದಿನ ಹಿಡಿಯಿತು. ಬೈದದ್ದಕ್ಕೆ ಅವಳಿಗೆ ಬೇಸರವಾಗಲಿಲ್ಲ, ಕೆಲಸ ಹಾಗೆಯೇ ಕಲಿಯುವುದು.

ಬೇಸರವಾದದ್ದು ಹನ್ನೊಂದನೆಯ ವರ್ಷ. ಅವನು ಊರಲ್ಲಿರದ ದಿನ ಒಬ್ಬ ವಕೀಲರ ಕಾರನ್ನು ಅವಳೊಬ್ಬಳೇ ಮುಗಿಸಿಟ್ಟಿದ್ದಳು. ಮರುದಿನ ಬೆಳಿಗ್ಗೆ ವಕೀಲರು ಕೀಲಿಗೆ ಕೈಚಾಚಿದ್ದಾರೆ, ಆಗಷ್ಟೇ ಊರಿಗೆ ಮರಳಿದ್ದ ಅಣ್ಣ ಜ್ಯಾಕ್ ತಂದ. ಅವರೆದುರಿಗೇ ನಾಲ್ಕೂ ಚಕ್ರ ಬಿಚ್ಚಿದ, ಉಗುರು ಎಳೆದ, ಮತ್ತೆ ಹಾಕಿದ.

"ಏನಾದ್ರೂ ಸಿಕ್ತಾ ಅಣ್ಣ?"

"ಇಲ್ಲ."

"ಮತ್ತೆ ಯಾಕೆ ಬಿಚ್ಚಿದೆ?"

"ನಾನು ನೋಡಿರಲಿಲ್ಲ."

ಅವಳು ಬ್ರಶ್ಶನ್ನು ಮೊಳೆಗೆ ತೂಗುಹಾಕಿ ಮನೆಗೆ ಹೋದಳು. ಮುಂದಿನ ತಿಂಗಳು ಒಂದು ಶಾಲೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಮದುವೆಗೆ, ಸಾವಿಗೆ ಅಣ್ಣ ತಂಗಿ ಎದುರಾದರು, ಮಾತಾಡಿದರು. ಶೆಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.

ಈಗ ಅವನು ಮಗುಚಿಟ್ಟ ಡ್ರಮ್ಮಿನ ಮೇಲೆ ಕೂತಿದ್ದ. ಕಾರಿನ ಮುಂದಿನ ಎರಡು ಚಕ್ರ, ಎರಡು ಡಿಸ್ಕು ನೆಲದ ಮೇಲಿದ್ದವು.

"ನಮ್ಮನೆಯವಳು ಬಾಯಿ ಬಿಟ್ಟಿರ್ಬೇಕು."

"ಅತ್ತಿಗೆ ಮಂಡಿ ನೋವು ಅಂದ್ರು. ಅಷ್ಟೆ."

"ಶಾಲೆ ಮೇಡಂ ಬಟ್ಟೆ ಕೊಳೆಯಾಗುತ್ತೆ."

"ಒಗೆಯೋಕೆ ಬರುತ್ತೆ ನಂಗೆ."

ಅವನ ಬಲಹೆಬ್ಬೆರಳ ಉಗುರು ಸೀಳಿ, ಬುಡದಲ್ಲಿ ರಕ್ತ ಕಪ್ಪಾಗಿತ್ತು. ಸ್ಪರ್ಶವಿಲ್ಲದ ಆ ಬೆರಳನ್ನು ಹತ್ತು ದಿನ ಹಬ್‌ನ ಮೇಲೆ ಎಳೆದೇ ಎಳೆದಿದ್ದಾನೆಂದು ಅವಳಿಗೆ ಅದರಿಂದಲೇ ತಿಳಿಯಿತು. ಮೊಳೆಯಿಂದ ಬ್ರಶ್ಶು ತೆಗೆದುಕೊಂಡು ಕೂತಳು. ಮಂಡಿ ಲಟಕ್ಕೆಂದಿತು.

"ನಿಮ್ಮತ್ತಿಗೆ ಮಂಡಿಗೆ ಜೊತೆಯಾಯ್ತು," ಎಂದ ಅಣ್ಣ.

ಕೆಂಪು ಪುಡಿ ಪಾದದ ಮೇಲೆ ಉದುರಿತು. ಬ್ರಶ್ಶು, ಎಮರಿ, ಬಟ್ಟೆ. ಬೂದು ಕಬ್ಬಿಣ ಮೇಲೆದ್ದಿತು. ಅವಳು ಪಕ್ಕಕ್ಕೆ ಸರಿದಳು. ಅವನು ಬಂದು ಉಗುರು ಎಳೆದ. ಇನ್ನೊಮ್ಮೆ ಎಳೆದ. ಮೂರನೆಯ ಸಲ ಒತ್ತಿ ಎಳೆದ. ಹಿಂದೆಲ್ಲ ಆ ಮುಖದ ಮೇಲೆ ಉತ್ತರ ತಕ್ಷಣ ಬರೆದಂತೆ ಕಾಣುತ್ತಿತ್ತು. ಇಂದು ಏನೂ ಇರಲಿಲ್ಲ. "ಸರಿಯಿದೆ" ಎಂದು ಅವಳೇ ಹೇಳಬಹುದಿತ್ತು. ಆದರೆ ಹನ್ನೊಂದು ವರ್ಷ ಕಾದು ಸಿಗದ ಮಾತನ್ನು ತಾನೇ ಆಡಿಕೊಳ್ಳುವಷ್ಟು ಬಡವಳಲ್ಲ ಅವಳು.

ಅವನು ಅವಳ ಮಣಿಕಟ್ಟು ಹಿಡಿದ. ಸ್ಪ್ಯಾನರ್ ಹಿಡಿಯುವಂತೆ ಹಿಡಿದ. ಅವಳ ಹೆಬ್ಬೆರಳ ಉಗುರನ್ನು ಹಬ್‌ನ ಅಂಚಿನಿಂದ ನಡುವಿನತನಕ ಎಳೆದು, ಸುತ್ತ ತಿರುಗಿಸಿದ.

"ಹೇಳು."

"ಕೆಳಗೆ, ಬೋಲ್ಟಿನ ಪಕ್ಕ ತಡೀತು."

"ಎಷ್ಟು?"

"ಒಂದು ಕೂದಲು."

"ಅಷ್ಟಕ್ಕೆ ಏನ್ಮಾಡ್ತಾರೆ?"

"ಇನ್ನೊಮ್ಮೆ," ಎಂದಳು ತಂಗಿ, ಬ್ರಶ್ಶಿಗೆ ಕೈಹಾಕುತ್ತ.

ಮತ್ತೆ ಉಜ್ಜಿದಳು, ಒರೆಸಿದಳು, ತಾನೇ ಉಗುರು ಎಳೆದು ನೋಡಿ, "ಆಯ್ತು," ಎಂದಳು. ಅಣ್ಣನ ಕೈ ಹಳೆಯ ಅಭ್ಯಾಸದಿಂದ ಹಬ್‌ನತ್ತ ಹೋಯಿತು. ಅರ್ಧದಲ್ಲಿ ನಿಂತಿತು. ಅವನು ಬಗ್ಗಿ, ನೆಲದ ಮೇಲಿದ್ದ ಡಿಸ್ಕನ್ನು ಎತ್ತಿ, ಎರಡೂ ಬದಿ ಒರೆಸಿ ಕೂರಿಸಿದ. ಎರಡನೆಯ ಹಬ್ ಅನ್ನು ಗದ್ದ ಎತ್ತಿ ತೋರಿಸಿದ. ಆಮೇಲೆ ಡ್ರಮ್ಮನ್ನು ಬಾಗಿಲ ಬಳಿಗೆ ಉರುಳಿಸಿಕೊಂಡು ಹೋಗಿ, ಕಾರಿಗೆ ಬೆನ್ನುಹಾಕಿ, ರಸ್ತೆ ನೋಡುತ್ತ ಕುಳಿತ.